ಹಿರಿಮಗನ ಮಾತು ನನ್ನದು

ಗಣಿತದ ಮಾಸ್ತರರು ಕನ್ನಡ ಓದಿದರೆ ಜನ ಬಾಯಿ ತೆರೆದು ಕೇಳುತ್ತಾರೆ, ಕನ್ನಡ ಪಂಡಿತ ಓದಿದರೆ ಕೈ ಮುಗಿದುಬಿಡುತ್ತಾರೆ. ಇದನ್ನು ನಾನು ಕುಬಿಹಾಳದ ಪಡಸಾಲೆಗಳಲ್ಲಿ ಕೂತು ಕಣ್ಣಾರೆ ನೋಡಿದವನು. ಅವತ್ತು ಹೊಟ್ಟೆಯಲ್ಲಿ ಹೊತ್ತಿಕೊಂಡದ್ದು ಇನ್ನೂ ಪೂರ್ತಿ ಆರಿಲ್ಲ. ಹೊಟ್ಟೆಕಿಚ್ಚು ಅನ್ನುವವರು ಅನ್ನಲಿ, ಅದಕ್ಕೆ ನನ್ನ ಬಳಿಯೂ ಬೇರೆ ಹೆಸರಿಲ್ಲ.

ಎಂಬತ್ತರ ದಶಕದ ನಡುವಿನ ಮಾತು. ನಾನು ನವಲಗುಂದದ ಹೈಸ್ಕೂಲಿನಲ್ಲಿ ಕನ್ನಡ ಕಲಿಸುತ್ತಿದ್ದೆ. ಒಂದು ಮಧ್ಯಾಹ್ನ ಬಿಡುವಿನ ಹೊತ್ತಿಗೆ ಒಬ್ಬ ಪಾದ್ರಿಗಳು ಸ್ಟಾಫ್ ರೂಮಿಗೆ ಬಂದರು. ಧಾರವಾಡದ ಕಡೆಯವರೇ, ಮಾತು ಕೇಳಿದರೆ ನಮ್ಮ ಸಂತೆಯಲ್ಲಿ ನಿಂತ ರೈತನ ಹಾಗೆ. ಬೈಬಲ್ಲನ್ನು ಸಾಮಾನ್ಯರಿಗೆ ತಿಳಿಯುವ ಕನ್ನಡಕ್ಕೆ ಹೊಸದಾಗಿ ತರುವ ಕೆಲಸ ನಡೆದಿತ್ತಂತೆ. ಮೂಲಭಾಷೆ ಬಲ್ಲವರು ಕರಡು ಮಾಡುತ್ತಿದ್ದರು, ಆ ಕರಡಿನ ಕನ್ನಡ ತಿದ್ದಲು ಕ್ರೈಸ್ತರಲ್ಲದ ಜನ ಬೇಕಾಗಿದ್ದರು.

"ನಮ್ಮ ಮಂದಿಗೆ ಇದು ಬಾಯಿಪಾಠ ಆಗೇತ್ರಿ. ತಿಳೀಲಿಲ್ಲಂದ್ರೂ ತಿಳದವರ್ಹಂಗ ತಲಿ ಅಲ್ಲಾಡಸ್ತಾರ. ನನಗ ತಿಳೀಲಿಲ್ಲ ಅಂತ ಬಾಯಿ ಬಿಟ್ಟು ಹೇಳೋರು ಬೇಕು ನೋಡ್ರಿ," ಎಂದರು.

ನಾನು ಆಗಲೇ ಮನಸ್ಸಿನಲ್ಲಿ ಒಪ್ಪಿಬಿಟ್ಟಿದ್ದೆ. ನಾನು ಕೊರಳಲ್ಲಿ ಲಿಂಗ ಕಟ್ಟಿಕೊಂಡವನು. ಆ ಪುಸ್ತಕದ ದೇವರು ನನ್ನ ದೇವರಲ್ಲ, ಆಗುವುದೂ ಇರಲಿಲ್ಲ. ನನಗೆ ಬೇಕಾದದ್ದು ಬೇರೆ. ನಾನೇ ಅಚ್ಚು ಹಾಕಿಸಿದ ಪ್ರಬಂಧಗಳ ಪುಸ್ತಕ ಯಾರಿಗೂ ಬೇಡವಾಗಿ ಮಂಚದ ಕೆಳಗೆ ಬಿದ್ದಿತ್ತು. ಈ ಪುಸ್ತಕ ಹಾಗಲ್ಲ. ಇದರಲ್ಲಿ ಹೋದ ವಾಕ್ಯವನ್ನು ಜನ ತಮ್ಮ ಮನೆಗಳಲ್ಲಿ ದಿನಾ ಓದುತ್ತಾರೆ, ಮಕ್ಕಳಿಗೆ ಓದಿಸುತ್ತಾರೆ, ಸತ್ತವರ ತಲೆದೆಸೆಗೆ ಕೂತು ಓದುತ್ತಾರೆ. ಅಂಥ ಕಡೆ ನನ್ನ ಕನ್ನಡ ಇರಬೇಕು ಎಂಬುದೇ ನನ್ನ ಆಸೆ.

ಅಷ್ಟರಲ್ಲಿ ಮೂಲೆಯಿಂದ ಗಣಿತದ ಮಾಸ್ತರರು ಬಾಯಿ ಹಾಕಿದರು. ನನಗಿಂತ ಚಿಕ್ಕವರು, ಊರೂರು ತಿರುಗಿ ನಾಟಕದಲ್ಲಿ ಪಾರ್ಟು ಮಾಡುವ ಆಸಾಮಿ. "ನಾನೂ ನಂಬೂದಿಲ್ರೀ. ನಿಮ್ಮ ದೇವರನ್ನಷ್ಟ ಅಲ್ಲ, ಯಾವ ದೇವರನ್ನೂ ನಂಬೂದಿಲ್ಲ. ನಡೀತೈತೇನು?"

"ಅಗದಿ ಚಲೋ ಆತು," ಎಂದು ಪಾದ್ರಿಗಳು ನಕ್ಕರು. ನನಗೆ ನಗು ಬರಲಿಲ್ಲ. ಕನ್ನಡದ ಕೆಲಸಕ್ಕೆ ಗಣಿತದವರು ಯಾಕೆ ಎಂದು ಕೇಳಬೇಕೆಂದಿದ್ದೆ, ಹೆಡ್ ಮಾಸ್ತರರು ಇದ್ದರೆಂದು ಸುಮ್ಮನಾದೆ.

ಕೆಲಸದ ರೀತಿ ಹೀಗೆ. ಪಾದ್ರಿಗಳು ಸೈಕ್ಲೋಸ್ಟೈಲ್ ಮಾಡಿದ ಕರಡು ತಂದುಕೊಡುವರು. ಅದರಲ್ಲಿನ ಒಂದು ಕಥೆಯನ್ನು ನಾವಿಬ್ಬರೂ ಬೇರೆಬೇರೆಯಾಗಿ ನಮ್ಮ ಕನ್ನಡಕ್ಕೆ ತಿದ್ದಬೇಕು, ಇದ್ದದ್ದನ್ನು ಬಿಡುವಂತಿಲ್ಲ, ಇಲ್ಲದ್ದನ್ನು ಸೇರಿಸುವಂತಿಲ್ಲ. ರವಿವಾರ ಒಂದು ಹಳ್ಳಿಗೆ ಹೋಗಿ, ಇದು ಕ್ರೈಸ್ತರ ಪುಸ್ತಕದ ಕಥೆ, ಭಾಷೆ ತಿಳಿಯುತ್ತದೋ ಇಲ್ಲವೋ ನೋಡಲು ಬಂದಿದ್ದೇವೆ ಎಂದು ಮೊದಲೇ ಹೇಳಿ ಓದಬೇಕು. ಓದಿದವನು ಆಮೇಲೆ ತುಟಿ ಬಿಚ್ಚಬಾರದು, ವಿವರಿಸಬಾರದು. ಕಥೆ ಕೇಳದಿದ್ದ ಒಬ್ಬರನ್ನು ಹೊರಗಿನಿಂದ ಕರೆಸುತ್ತಿದ್ದರು. ಕೇಳಿದವರಲ್ಲಿ ಒಬ್ಬರು ಅವರಿಗೆ ಆ ಕಥೆ ಹೇಳಬೇಕು. ಪಾದ್ರಿಗಳು ಮೂಲೆಯಲ್ಲಿ ಕೂತು ಅದನ್ನು ಟೇಪ್ ರೆಕಾರ್ಡರಿನಲ್ಲಿ ಹಿಡಿಯುವರು. ಹೇಳುವಾಗ ಯಾವ ಮಾತು ಬಿಟ್ಟುಹೋಗುತ್ತದೋ ಅಲ್ಲಿ ನಮ್ಮ ಕನ್ನಡ ಸೋತಿದೆ ಎಂದರ್ಥ. ಈ ಪರೀಕ್ಷೆಗಳು ಮುಗಿದ ಮೇಲೆ ಇಬ್ಬರಲ್ಲಿ ಒಬ್ಬರನ್ನು ಮುಂದಿನ ಇಡೀ ಪುಸ್ತಕಕ್ಕೆ ಇಟ್ಟುಕೊಳ್ಳುವುದಾಗಿ ಪಾದ್ರಿಗಳು ಹೇಳಿದ್ದರು.

ಮನೆಯಲ್ಲಿ ಅವ್ವನಿಗೆ ಇದರಿಂದ ಏನೂ ತೊಂದರೆಯಾಗಲಿಲ್ಲ. ನೋಡಿಕೊಳ್ಳಲೆಂದು ಪಾದ್ರಿಗಳು ಕೊಟ್ಟಿದ್ದ ಹಳೆಯ ದಪ್ಪ ಬೈಬಲ್ಲು ನನ್ನ ಮೇಜಿನ ಮೇಲಿತ್ತು. ದಸರೆಯಲ್ಲಿ ಆಯುಧ, ಪುಸ್ತಕಗಳಿಗೆ ಮಾಡುವ ಖಂಡೆ ಪೂಜೆಯ ದಿನ ಅವ್ವ ನನ್ನ ಪುಸ್ತಕಗಳನ್ನೆಲ್ಲ ದೇವರ ಜಗಲಿಯ ಮುಂದೆ ಪೇರಿಸುವಾಗ ಅದನ್ನೂ ಪೇರಿಸಿದಳು. ದಪ್ಪಗಿದೆಯೆಂದು ಎಲ್ಲಕ್ಕಿಂತ ಮೇಲೆ ಇಟ್ಟು, ವಿಭೂತಿ ಬಡಿದು, ಕುಂಕುಮ ಹಚ್ಚಿ, ಚೆಂಡು ಹೂ ಏರಿಸಿದಳು. ಅದೇ ಹೊತ್ತಿಗೆ ಪಾದ್ರಿಗಳು ಕರಡು ಕೊಡಲು ಬರಬೇಕೆ! ನನಗೆ ನೆಲ ಬಾಯಿ ಬಿಡಬಾರದೇ ಅನ್ನಿಸಿತು.

"ತಪ್ಪಾತ್ರಿ, ಅವ್ವಗ ಗೊತ್ತಾಗಿಲ್ಲ," ಎಂದೆ.

"ಗೊತ್ತಾಗದಿರಾಕ ಏನೈತೋ?" ಎಂದು ಅವ್ವ ಒಳಗಿನಿಂದಲೇ ಗದರಿದಳು. "ನಮ್ಮ ಪುಸ್ತಕಕ್ಕ ಹೂವಾ ಏರಿಸಿ ಅವರದಕ್ಕ ಬಿಟ್ರ ಚಂದ ಕಾಣ್ತೈತೇನು?"

ಪಾದ್ರಿಗಳು ಹೂವು ಏರಿಸಿದ ಪುಸ್ತಕವನ್ನು ನೋಡಿದರು. "ಇರಲಿ ಬಿಡ್ರಿ ಅವ್ವಾರ. ನಮ್ಮವರ ಎಷ್ಟೋ ಮನ್ಯಾಗ ಇದರ ಮ್ಯಾಲ ಧೂಳ ಇರತೈತಿ," ಎಂದು ಚಹಾ ಕುಡಿದು ಹೋದರು.

ಮೊದಲ ಪರೀಕ್ಷೆ ಕುಬಿಹಾಳದಲ್ಲಿ. ಬಿತ್ತಲು ಹೋದವನೊಬ್ಬನ ಬೀಜ ಸ್ವಲ್ಪ ದಾರಿಗೆ, ಸ್ವಲ್ಪ ಕಲ್ಲಿಗೆ, ಸ್ವಲ್ಪ ಮುಳ್ಳಿಗೆ, ಉಳಿದದ್ದು ಒಳ್ಳೆಯ ನೆಲಕ್ಕೆ ಬಿದ್ದ ಕಥೆ. ನಾನು ಅದಕ್ಕೆ ವಾರವೆಲ್ಲ ಬೆವರು ಸುರಿಸಿದ್ದೆ. ಕಲ್ಲುನೆಲವನ್ನು 'ಶಿಲಾಮಯ ಪ್ರದೇಶ' ಮಾಡಿದ್ದೆ, ಮುಳ್ಳನ್ನು 'ಕಂಟಕ' ಮಾಡಿದ್ದೆ. ಮಠದಲ್ಲಿ ಪುರಾಣ ಹೇಳಿ ರೂಢಿಯಿದ್ದ ಗಂಟಲು, ಚೆನ್ನಾಗಿಯೇ ಏರಿಸಿ ಇಳಿಸಿ ಓದಿದೆ. ಮುಗಿದ ಮೇಲೆ ಒಬ್ಬ ಮುದುಕರು ಕೈ ಮುಗಿದರು. ನನಗೆ ಜೀವ ಬಂತು.

"ಬಾಳ ಚಲೋ ಹೇಳಿದ್ರಿ. ಅಗದಿ ಪುರಾಣ ಕೇಳಿದಂಗ ಆತು," ಎಂದರು.

"ಏನು ಕಥಿ ಅಂತ ಇವರಿಗೆ ಹೇಳ್ರಿ," ಎಂದು ಪಾದ್ರಿಗಳು ಹೊರಗಿನಿಂದ ಬಂದವನೊಬ್ಬನನ್ನು ತೋರಿಸಿದರು.

"ಅದೆಂಗ್ ಹೇಳಲ್ರಿ? ಅದು ದೊಡ್ಡವರ ಮಾತು. ಕೇಳಿ ಪುಣ್ಯಾ ಕಟಗೋಬೇಕಷ್ಟ."

ಟೇಪು ಸುಮ್ಮನೆ ತಿರುಗುತ್ತಿತ್ತು. ಆಮೇಲೆ ಬೇರೆ ಓಣಿಯ ಮನೆಯೊಂದರಲ್ಲಿ ಗಣಿತದ ಮಾಸ್ತರರು ಓದಿದರು. ಓದಿದರೆಂದರೆ ಏನು, ಬಾಜೂ ಮನೆಯ ಸುದ್ದಿ ಹೇಳಿದ ಹಾಗೆ ಹೇಳಿದರು. ಬೀಜ ದಾರಿಗೆ ಬಿತ್ತು ಅನ್ನುವಷ್ಟರಲ್ಲೇ ರೈತರು ನಗತೊಡಗಿದರು. ಕಲ್ಲಿಗೆ ಬಂದಾಗ ಒಬ್ಬ ತೊಡೆ ತಟ್ಟಿಕೊಂಡ. ತಿರುಗಿ ಹೇಳುವ ಸರದಿ ಬಂದಾಗ ನಾ ಮುಂದು ತಾ ಮುಂದು ಎಂದು ಎದ್ದರು.

"ಒಬ್ಬ ಬುದ್ಧಿಗೇಡಿ ಇದ್ನಂತಲೇ. ಬಿತ್ತಾಕ ಮನ್ಯಾಗ ಕೂರಿಗಿ ಇಲ್ಲಂತ, ಕೈಲೇ ಬೀಜಾ ಚೆಲ್ಲಕೋತ ಹೊಂಟಾನ! ದಾರಿ ನೋಡಂಗಿಲ್ಲ, ಕಲ್ಲ ನೋಡಂಗಿಲ್ಲ..."

ಬಿತ್ತಿದವನನ್ನು ಬೈಯುತ್ತಲೇ ಆ ರೈತ ಕಥೆಯನ್ನು ಒಂದು ಮಾತೂ ಬಿಡದೆ ಹೇಳಿ ಮುಗಿಸಿದ. ಆ ಪುಸ್ತಕವನ್ನು ನಂಬುವವರು ಬಿತ್ತಿದವನು ದೇವರು ಎಂದುಕೊಳ್ಳುತ್ತಾರಂತೆ. ಕುಬಿಹಾಳದವರಿಗೆ ಆತ ಒಕ್ಕಲುತನ ಬಾರದ ದಡ್ಡ. ಪಾದ್ರಿಗಳಿಗೆ ಬೇಜಾರಾಗಬಹುದೆಂದು ಆಸೆಯಿಂದ ನೋಡಿದೆ. ಅವರು ಕಣ್ಣಲ್ಲಿ ನೀರು ಬರುವಷ್ಟು ನಗುತ್ತಿದ್ದರು. ಬರುವಾಗ ಬಸ್ಸಿನಲ್ಲಿ ಗಣಿತದವರ ಬೆನ್ನು ತಟ್ಟಿದರು, ನನಗೆ "ಗಂಟಲಾ ಚಲೋ ಐತ್ರಿ ನಿಮ್ಮದು" ಎಂದರು. ಉರಿದುಹೋಯಿತು ನನಗೆ.

ಎರಡನೆಯ ಕಥೆ ಇಬ್ಬರು ಗಂಡುಮಕ್ಕಳದು. ಅಪ್ಪ ಬದುಕಿರುವಾಗಲೇ ಕಿರಿಯ ಮಗ ತನ್ನ ಪಾಲು ಹರಿದುಕೊಂಡು ಹೋಗಿ, ಎಲ್ಲ ಹಾಳು ಮಾಡಿ, ಹೊಟ್ಟೆಗಿಲ್ಲದೆ ತಿರುಗಿ ಬರುತ್ತಾನೆ. ಅಪ್ಪ ದೂರದಿಂದಲೇ ನೋಡಿ ಓಡಿಹೋಗಿ ತಬ್ಬಿಕೊಂಡು, ಮೇಯಿಸಿ ಬೆಳೆಸಿದ ಕರು ಕೊಯ್ಯಿಸಿ ಊಟ ಹಾಕಿಸುತ್ತಾನೆ. ಹೊಲದಿಂದ ಬಂದ ಹಿರಿಮಗ ಸಿಟ್ಟಾಗಿ ಹೊರಗೇ ನಿಲ್ಲುತ್ತಾನೆ. ಅಪ್ಪ ಹೊರಗೆ ಬಂದು ಅವನನ್ನು ಬೇಡಿಕೊಳ್ಳುತ್ತಾನೆ.

ಇದನ್ನು ಮೊದಲು ಗಣಿತದ ಮಾಸ್ತರರು ಅಣ್ಣಿಗೇರಿ ಹತ್ತಿರದ ಒಂದು ಹಳ್ಳಿಯಲ್ಲಿ ಓದಿದರು. ಅಪ್ಪ ಓಡುವ ಕಡೆ ದನಿ ಇಳಿಸಿದರು ನೋಡಿ, ಹೆಂಗಸರು ಸೆರಗು ಕಣ್ಣಿಗೆ ಹಚ್ಚಿದರು. ಯಾವ ದೇವರನ್ನೂ ನಂಬದವನು ದೇವರ ಪುಸ್ತಕ ಓದಿ ಮಂದಿಯನ್ನು ಅಳಿಸುವುದೆಂದರೆ! ಆದರೆ ಕರು ಬರುವ ಜಾಗದಲ್ಲಿ ಮಾಸ್ತರರು ಸದ್ದಿಲ್ಲದೆ ಹೋಳಿಗೆ ಊಟ ಹಾಕಿಸಿಬಿಟ್ಟಿದ್ದರು. ತಿರುಗಿ ಹೇಳಿದ ಹೆಣ್ಣುಮಗಳು ಹೋಳಿಗೆ ಬಡಿಸಿದ ಕೂಡಲೇ ಕಥೆ ಮುಗಿಸಿದಳು. ಹಿರಿಮಗನೆಂಬುವನು ಅವಳ ಕಥೆಯಲ್ಲಿ ಇರಲೇ ಇಲ್ಲ.

ಬಸ್ ಸ್ಟ್ಯಾಂಡಿನ ಚಹಾದಂಗಡಿಯಲ್ಲಿ ಇದೇ ಜಗಳ.

"ಕರಾ ಕರಾ ಆಗೇ ಇರಬೇಕ್ರೀ. ಬದಲ್ ಮಾಡಾಕ ಬರೂದಿಲ್ಲ," ಎಂದರು ಪಾದ್ರಿಗಳು.

"ಇವು ಲಿಂಗವಂತರ ಮನೀ ಅದಾವ. ಕರಾ ಕೊಯ್ದ್ರು ಅಂದಕೂಡ್ಲೇ ಎದ್ದು ಹೋಗ್ತಾರ. ನಿಮ್ಮ ಅಪ್ಪ ಅಷ್ಟೊತ್ತು ಒಳ್ಳೇಂವ ಇದ್ದಾಂವ ಕಟುಕ ಆಗ್ತಾನ. ನಾ ಅಂತೂ ಓದೂದಿಲ್ಲ," ಎಂದರು ಗಣಿತದವರು.

ನನಗೆ ಹಾದಿ ಕಂಡಿತು. "ನಾ ಓದ್ತೀನ್ರಿ," ಎಂದೆ. "ಹೋಳಿಗಿ ಹಾಕಿದ್ರ ಯಾವ ಮಗಾ ಸಿಟ್ಟಾಗ್ತಾನ್ರೀ? ದನಾ ಕರಾ ಹೊಲಾ ಎಲ್ಲಾ ನೋಡಕೊಂಡಾಂವ ಹಿರಿಮಗಾ. ಅಂವ ಹೊಲದಾಗ ಇದ್ದಾಗ ಅವನ್ನ ಒಂದ್ ಮಾತ್ ಕೇಳದ ಕರಾ ಕೊಯ್ಸ್ಯಾರ. ಹೊಟ್ಟಿ ಉರಿಯೂದು ಅಲ್ಲಿ."

"ಏ ಪಂಡಿತ್ರ, ಕೊರಳಾಗ ಲಿಂಗಾ ಕಟಗೊಂಡು ಕರಾ ಕೊಯ್ಯಾಕ ನಿಂತೀರಲ್ರೀ!" ಎಂದು ಗಣಿತದವರು ಹೋ ಎಂದು ನಕ್ಕರು. ಅಂಗಡಿಯವನೂ ತಿರುಗಿ ನೋಡಿದ.

ಆ ವಾರ ನಾನು ಬರೆದ ಹಾಗೆ ಜೀವಮಾನದಲ್ಲಿ ಬರೆದಿಲ್ಲ. 'ಶಿಲಾಮಯ'ಗಳನ್ನೆಲ್ಲ ಕಿತ್ತೊಗೆದೆ. ಅಪ್ಪನ ಭಾಗ ಹೇಗೋ ಮುಗಿಯಿತು. ಹಿರಿಮಗನ ಬಾಯಿ ತೆರೆಯುತ್ತಲೇ ಪೆನ್ನು ತಾನೇ ಓಡಿತು. ಇಷ್ಟು ವರ್ಷ ನಿನ್ನ ಮನೆಯಲ್ಲಿ ದುಡಿದೆ, ನಿನ್ನ ಮಾತು ಮೀರಲಿಲ್ಲ, ಗೆಳೆಯರ ಜೊತೆ ಉಣ್ಣು ಅಂತ ಒಂದು ಆಡಿನ ಮರಿಯನ್ನೂ ನನಗೆ ಕೊಡಲಿಲ್ಲ; ಎಲ್ಲ ಹಾಳು ಮಾಡಿ ಬಂದ ಇವನಿಗೆ, ಈ ನಿನ್ನ ಮಗನಿಗೆ, ಕರು ಕೊಯ್ಯಿಸಿದೆ. ತಮ್ಮ ಅನ್ನಲು ನಾಲಿಗೆ ಬಾರದೆ ಅವನು 'ನಿನ್ನ ಮಗ' ಅನ್ನುವುದು ಕರಡಿನಲ್ಲೇ ಇತ್ತು. ಅದರ ಉರಿ ನನಗಿಂತ ಚೆನ್ನಾಗಿ ಯಾರಿಗೆ ಗೊತ್ತು? ಸ್ಟಾಫ್ ರೂಮಿನ ಬಾಜೂ ಕುರ್ಚಿಯಲ್ಲಿ ಗಣಿತದವರು ಯಾರಿಗೋ ಕುಬಿಹಾಳದ ಸುದ್ದಿ ಹೇಳಿ ನಗಿಸುತ್ತಿದ್ದರು. ಅವರ ನಗೆ ಕೇಳಿದಷ್ಟೂ ನನ್ನ ವಾಕ್ಯ ಹರಿತವಾಗುತ್ತಿತ್ತು.

ಓದಲು ಹೋದದ್ದು ಕಲಘಟಗಿ ಕಡೆಯ ದೇವಿಕೊಪ್ಪಕ್ಕೆ, ಹೆಡ್ ಮಾಸ್ತರರ ಬೀಗರ ಮನೆಗೆ. ಮನೆಯ ಯಜಮಾನರು ಗಟ್ಟಿ ಆಳು, ಹಣೆ ತುಂಬ ವಿಭೂತಿ. ಅಂಗಳದ ನಡುವೆ ಈಚೆಗೆ ಕಟ್ಟಿದ ಒಂದು ಗೋಡೆ ಇತ್ತು. ಅದನ್ನು ನೋಡಿಯೂ ನಮಗೆ ಏನೂ ಹೊಳೆಯಲಿಲ್ಲ.

ಓದಿದೆ. ಗಂಟಲು ಏರಿಸಲಿಲ್ಲ, ಇಳಿಸಲಿಲ್ಲ. ಕರು ಬಂದಾಗ ಒಬ್ಬ ಮುದುಕಿ "ಶಿವ ಶಿವಾ" ಎಂದು ಕಿವಿ ಮುಚ್ಚಿಕೊಂಡಳು. ಇಬ್ಬರು ಎದ್ದರು. ನಾನು ನಿಲ್ಲಿಸದೆ ಹಿರಿಮಗನನ್ನು ಹೊಲದಿಂದ ಕರೆತಂದೆ. ಎದ್ದವರು ನಿಂತಲ್ಲೇ ನಿಂತು ಕೇಳಿದರು. ಮುಗಿದ ಕೂಡಲೇ ಪಡಸಾಲೆಯೆಲ್ಲ ಪಂಚಾಯತಿ ಕಟ್ಟೆಯಾಯಿತು.

"ಸಣ್ಣಾಂವ ತನ್ನ ಪಾಲ ತಗೊಂಡು ಹ್ವಾದ. ಉಳದದ್ದು ಯಾರದು?" ಎಂದು ಯಜಮಾನರು ಕೈ ಚಾಚಿ ಕೇಳಿದರು. "ಹಿರಿಮಗಂದು. ಅಂದಮ್ಯಾಲ ಆ ಕರಾ ಯಾರದು? ಅವನ್ನ ಕೇಳದ ಕೊಯ್ಸಾಕ ಅಪ್ಪಗ ಏನ್ ಹಕ್ಕ ಐತಿ?"

"ಹಸದ ಬಂದ ಮಗನ್ನ ಹೊರಗ ನಿಂದ್ರಸ್ತೀರೇನು?" ಎಂದಳು ಬಾಗಿಲಲ್ಲಿ ನಿಂತ ಅವರ ಹೆಂಡತಿ.

"ನೀ ಸುಮ್ನಿರಬೇ. ಮಾಸ್ತರ, ಮುಂದ ಏನಾತ್ರಿ? ಹಿರಿಮಗಾ ಒಳಗ ಹ್ವಾದ್ನೋ ಇಲ್ಲೋ?"

ನಾನು ತುಟಿ ಬಿಚ್ಚುವಂತಿರಲಿಲ್ಲ. ಪಾದ್ರಿಗಳೇ ಹೇಳಬೇಕಾಯಿತು, "ಅದನ್ನ ಬರದಿಲ್ರಿ."

"ಬರದಿಲ್ಲಂದ್ರ? ಇಷ್ಟ್ ದಪ್ಪ ಪುಸ್ತಕದಾಗ ಇದೊಂದ್ ಬರ್ಯಾಕ ಜಾಗಾ ಸಾಲ್ಲಿಲ್ಲೇನು?"

ಹಿಗ್ಗಿಹೋದೆ ನಾನು. ಗಣಿತದ ಮಾಸ್ತರರ ಮುಖ ನೋಡಿದೆ, ಅವರು ನಗುತ್ತಿರಲಿಲ್ಲ. ಗೆದ್ದೆ ಅಂದುಕೊಂಡೆ. ಕಥೆ ಕೇಳದವರೊಬ್ಬರು ಬೇಕಲ್ಲ, ಪಾದ್ರಿಗಳು ಗೋಡೆಯ ಆಚೆ ಯಾರೋ ಓಡಾಡುವುದನ್ನು ಕಂಡು, "ಬಾಜೂ ಮನ್ಯಾವ್ರನ್ನ ಕರೀರಲ್ಲ," ಎಂದರು. ಗದ್ದಲ ಒಮ್ಮೆಲೆ ನಿಂತಿತು. ಯಾರೋ ಪಿಸುಗುಟ್ಟಿದ ಮೇಲೆ ತಿಳಿಯಿತು: ಆಚೆ ಇದ್ದವನು ಯಜಮಾನರ ಸ್ವಂತ ತಮ್ಮ. ಪಾಲು ಹರಿದುಕೊಂಡ ಮೇಲೆ ಅಣ್ಣ ತಮ್ಮಂದಿರ ಮಾತು ನಿಂತಿತ್ತು. ಪಾದ್ರಿಗಳು ಬೇಡವೆನ್ನುವಷ್ಟರಲ್ಲಿ ಯಜಮಾನರ ಹೆಂಡತಿಯೇ ಗೋಡೆಗೆ ಹೋಗಿ ಮೈದುನನನ್ನು ಕೂಗಿದಳು. ಆತ ಬಂದು, ಟವೆಲ್ಲು ಹೆಗಲ ಮೇಲಿಂದ ತೆಗೆದು, ಹೊಸ್ತಿಲ ಬಳಿ ಕುಳಿತ.

"ನಾ ಹೇಳ್ತೀನಿ," ಎಂದರು ಯಜಮಾನರು. ತಮ್ಮನ ಮುಖ ನೋಡುತ್ತ ಹೇಳಿದರು. ಪಾಲು, ಹಾಳು, ಹಸಿವು, ಕರು, ಎಲ್ಲ ಬಂತು. ಹಿರಿಮಗನ ಮಾತಿಗೆ ಬಂದಾಗ ನನ್ನ ವಾಕ್ಯಗಳೇ, ನನ್ನ ಉಸಿರು ನಿಂತಲ್ಲೇ ಅವರ ಉಸಿರೂ ನಿಂತು, ಒಂದೊಂದಾಗಿ ಹೊರಬಿದ್ದವು. 'ಒಂದು ಆಡಿನ ಮರಿ' ಅನ್ನುವಾಗ ಆ ಗಟ್ಟಿ ಆಳಿನ ದನಿ ಒಡೆಯಿತು. ತಮ್ಮ ತಲೆ ಎತ್ತಲಿಲ್ಲ. ಬರೆದವನಿಗೆ ಇದಕ್ಕಿಂತ ಏನು ಬೇಕು ಹೇಳಿ.

ಕಥೆ ಅಲ್ಲಿಗೇ ನಿಂತಾಗ ತಮ್ಮ ಕೇಳಿದ, "ಅಪ್ಪ ಏನಂದ?"

ಯಜಮಾನರು ನನ್ನ ಕಡೆ ನೋಡಿದರು, ನಾನು ಹೇಳುವಂತಿಲ್ಲ. "ಏನೋ ಅಂದ... ಅದು ನನಗ ನೆನಪಾಗವಲ್ದು," ಎಂದರು. ಪಡಸಾಲೆಯಲ್ಲಿದ್ದ ಇನ್ನೊಬ್ಬನನ್ನು ಪಾದ್ರಿಗಳು ಕೇಳಿದರು. ಅವನಿಗೂ ನೆನಪಿರಲಿಲ್ಲ. ಯಾರಿಗೂ ಇರಲಿಲ್ಲ. ಅಪ್ಪ ಹಿರಿಮಗನಿಗೆ ಹೇಳಿದ ಕೊನೆಯ ಮಾತು, ನೀನು ಯಾವಾಗಲೂ ನನ್ನ ಜೊತೆಗಿದ್ದವನು, ನನ್ನದೆಲ್ಲ ನಿನ್ನದೇ, ತಮ್ಮ ಸತ್ತವನು ಬದುಕಿ ಬಂದಿದ್ದಾನೆ ಎಂಬುದು, ನನ್ನ ಓದಿನಲ್ಲಿ ಇದ್ದೂ ಇಲ್ಲದಂತೆ ಹೋಗಿತ್ತು. ತಮ್ಮ ಟವೆಲ್ಲು ಕೊಡವಿಕೊಂಡು ಎದ್ದು ಗೋಡೆಯ ಆಚೆಗೆ ಹೋದ. ಅತ್ತಿಗೆ ಚಹಾ ಕುಡಿದು ಹೋಗೆಂದರೂ ನಿಲ್ಲಲಿಲ್ಲ.

ಬಸ್ಸಿಗೆ ಕಾಯುವಾಗ ಪಾದ್ರಿಗಳು ಮೆಲ್ಲಗೆ ಹೇಳಿದರು, "ಹಿರಿಮಗನ ಮಾತ ಸ್ವಲ್ಪ ಮೆತ್ತಗ ಮಾಡ್ರಿ ಪಂಡಿತ್ರ. ಆವಾಗ ಅಪ್ಪನ ಮಾತ ಕಿವಿಗೆ ಬೀಳ್ತೈತಿ. ಅಷ್ಟ್ ಮಾಡ್ರಿ, ಮುಂದಿನ ಪುಸ್ತಕಾನ ನೀವಿಬ್ರೂ ಕೂಡೇ ನೋಡ್ರಿ."

ಗಣಿತದವರೂ ದನಿಗೂಡಿಸಿದರು. "ಒಂದೆರಡ ಮಾತ ತಗೀರಲ್ರೀ, ಏನ್ ಗಂಟ ಹೋಗ್ತೈತಿ?"

ಅವರು ಹೇಳದಿದ್ದರೆ ತೆಗೆಯುತ್ತಿದ್ದೆನೇನೋ. ಅವರ ಬಾಯಿಂದ ಆ ಮಾತು ಬಂದದ್ದೇ ತಡ, "ಒಂದಕ್ಷರಾ ತಗ್ಯೂದಿಲ್ರೀ," ಎಂದೆ. "ಒಬ್ಬ ಅಣ್ಣಾ ತನ್ನ ತಮ್ಮನ ಮುಂದ ಕುಂತು ಬಾಯಿಪಾಠ ಹೇಳಿದಂಗ ಹೇಳ್ಯಾನ. ಅದನ್ನ ಮೆತ್ತಗ ಮಾಡಂದ್ರ ನಾ ಒಲ್ಲೆ. ಅಪ್ಪನ ಮಾತ ಗಟ್ಟಿ ಮಾಡ್ಕೋರಿ ಬೇಕಾದ್ರ."

ಪಾದ್ರಿಗಳು ಹಾಗೇ ಮಾಡಿದರು. ಹಿರಿಮಗನ ಮಾತು ನನ್ನದೇ ಉಳಿಯಿತು. ಅಪ್ಪನ ಭಾಗವನ್ನೆಲ್ಲ ಗಣಿತದವರಿಂದ ಬರೆಸಿದರು, ಕರುವನ್ನೂ ಅವರಿಂದಲೇ ಕೊಯ್ಯಿಸಿದರು. ಮುಂದಿನ ಇಡೀ ಪುಸ್ತಕವೂ ಅವರ ಪಾಲಿಗೆ ಹೋಯಿತು. "ನೀವು ಓದಿದ್ರ ಮಂದಿ ಜಗಳಾಡ್ತಾರ, ಅವರು ಓದಿದ್ರ ಕೇಳ್ತಾರ," ಎಂದರು ಪಾದ್ರಿಗಳು ನನಗೆ. ನಾನು ಅವರಿಗೆ ಕೊಟ್ಟ ನಮಸ್ಕಾರ ನಮಸ್ಕಾರದ ಹಾಗೆ ಇರಲಿಲ್ಲ.

ನಾವು ತಿದ್ದಿದ ಕಥೆಗಳಷ್ಟೇ ಮೊದಲು ಸಣ್ಣ ಪುಸ್ತಕವಾಗಿ ಬಂದವು. ತಿದ್ದಿದವರ ಹೆಸರು ಹಾಕುವ ಪದ್ಧತಿ ಅವರಲ್ಲಿ ಇರಲಿಲ್ಲ. ಬಿಡುಗಡೆಗೆಂದು ಹುಬ್ಬಳ್ಳಿಯ ಒಂದು ಚರ್ಚಿಗೆ ಇಬ್ಬರನ್ನೂ ಕರೆದರು. ಹೋಗಬಾರದೆಂದುಕೊಂಡೇ ಹೋದೆ. ನಾನು ಚರ್ಚಿನ ಒಳಗೆ ಕಾಲಿಟ್ಟದ್ದು ಅದೇ ಮೊದಲು. ಒಬ್ಬ ಹೆಣ್ಣುಮಗಳು ಎದ್ದು ಇಬ್ಬರು ಮಕ್ಕಳ ಕಥೆ ಓದಿದಳು. ಅಪ್ಪ ಓಡುವಾಗ ಜನ ಮೂಗು ಒರೆಸಿಕೊಂಡರು. ಹಿರಿಮಗ ಬಾಯಿ ತೆರೆದ, ನಾನು ಮುಂದೆ ಬಾಗಿ ಕೂತೆ. ಜನ ತಲೆ ತಗ್ಗಿಸಿದರು. ಕೆಲವರು ಅಯ್ಯೋ ಪಾಪಿ ಎನ್ನುವ ಹಾಗೆ ಲೊಚಗುಟ್ಟಿದರು. ಆಮೇಲೆ ಪಾದ್ರಿಗಳು ಎದ್ದು, ಹಿರಿಮಗನಂಥ ಕಲ್ಲು ಮನಸ್ಸು ನಮಗೆ ಯಾರಿಗೂ ಬರದಿರಲಿ ಎಂದು ಉಪದೇಶದ ಪ್ರಸಂಗ ಮಾಡಿದರು. ದೇವಿಕೊಪ್ಪದಲ್ಲಿ ಇಡೀ ಪಡಸಾಲೆ ಯಾರ ಪರ ನಿಂತಿತ್ತೋ ಅವನೇ ಇಲ್ಲಿ ಆರೋಪಿ. ಅಲ್ಲಿ ಅದು ಪಾಲಿನ ಕಥೆ, ಇಲ್ಲಿ ಕ್ಷಮೆಯ ಕಥೆ. ನಂಬಿದವರು ಅಪ್ಪನ ಕಡೆಯಿಂದ ಕೇಳುತ್ತಾರೆ, ನಂಬದ ನಾವು ಹೊಲದಿಂದ ಬಂದವನ ಕಡೆಯಿಂದ ಕೇಳಿದ್ದೆವು.

"ಅವು ನಿಮ್ಮ ಮಾತು ಅಂತ ಎದ್ದು ಹೇಳ್ಲೇನ್ರಿ?" ಎಂದು ಗಣಿತದವರು ಕಿವಿಯಲ್ಲಿ ಊದಿದರು.

"ಸುಮ್ನ ಕೂಡ್ರಿ," ಎಂದೆ.

ಹೊರಗೆ ಒಬ್ಬ ಮುದುಕಿ ಗಣಿತದವರ ಎರಡೂ ಕೈ ಹಿಡಿದುಕೊಂಡಳು. ಪಾದ್ರಿಗಳು ಹೇಳಿರಬೇಕು. "ಅಪ್ಪನ ಮಾತ ನೀನೇ ಬರದಿಯಂತಲ್ಲೋ ನನ್ನಪ್ಪಾ. ಇಷ್ಟ ವರ್ಷ ಕೇಳೇನಿ, ಇವತ್ತ ಕೇಳಿದಂಗ ಕೇಳಿರಲಿಲ್ಲ. ದೇವರು ನಿನ್ನ ಚಲೋ ಇಡ್ಲಿ," ಎಂದಳು. ದೇವರಿಲ್ಲ ಅನ್ನುವ ಮನುಷ್ಯ ಆ ಆಶೀರ್ವಾದವನ್ನೂ ಬಾಗಿ ತೆಗೆದುಕೊಂಡರು. ನಾನು ಬೇರೆ ಕಡೆ ನೋಡುತ್ತಿದ್ದೆ. ಅವಳು ನನ್ನ ಕಡೆ ತಿರುಗಿದಳು.

"ನೀ ಏನ್ ಬರದೀಯೋ ಯಪ್ಪಾ?"

"ಹಿರಿಮಗನ ಮಾತ ಬರದೀನಿ ಯವ್ವಾ."

"ಅಯ್ಯ, ಅದನ್ನೇನ್ ಬರೀತಿ ತಗೋ," ಎಂದಳು. "ಅದು ದಿನಾ ಎಲ್ಲಾರ ಮನ್ಯಾಗ ಆಡೂ ಮಾತು."

ನವಲಗುಂದದ ಬಸ್ಸು ಹೊರಟರೂ ಗಣಿತದ ಮಾಸ್ತರರ ನಗು ನಿಲ್ಲಲಿಲ್ಲ. ನಾನು ಎದ್ದು ಹಿಂದಿನ ಸೀಟಿಗೆ ಹೋಗಿ ಕೂತೆ.